ಚಳಿಗಾಲದ ಕಷಾಯ: ಯಾವುದು ಒಳ್ಳೆಯದು, ಹೇಗೆ ಕುದಿಸಬೇಕು, ಯಾರು ಎಚ್ಚರ ವಹಿಸಬೇಕು?

ಚಳಿ ಶುರುವಾಗುತ್ತಿದ್ದಂತೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಕಷಾಯದ ಫಾರ್ವರ್ಡ್‌ಗಳೂ ಶುರುವಾಗುತ್ತವೆ. ದಿನಕ್ಕೆ ಮೂರು ಲೋಟ ಕುಡಿದರೆ ಶೀತ ಹತ್ತಿರ ಸುಳಿಯದು, ಎದೆಯ ಕಫ ಕರಗಿ ನೀರಾಗುತ್ತದೆ, ಎಲ್ಲವೂ ಅಡುಗೆಮನೆಯ ಸಾಮಾನು, ಆದ್ದರಿಂದ ಸೈಡ್ ಎಫೆಕ್ಟ್ ಎಂಬುದೇ ಇಲ್ಲ. ಕೊನೆಯಲ್ಲಿ "ಎಲ್ಲರಿಗೂ ಶೇರ್ ಮಾಡಿ" ಎಂಬ ಸಾಲು ಇದ್ದೇ ಇರುತ್ತದೆ.

ಕಷಾಯ ನಮಗೆ ಹೊಸದಲ್ಲ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿಟ್ಟುಕೊಂಡು, ಕಾಫಿ-ಟೀ ಬದಲಿಗೆ ಹಾಲು, ಬೆಲ್ಲ ಹಾಕಿ ಕಷಾಯ ಕುಡಿಯುವ ಮನೆಗಳು ಮಲೆನಾಡು ಮತ್ತು ಕರಾವಳಿಯಲ್ಲಿ ಈಗಲೂ ಬಹಳ ಇವೆ. ಇದು ಪಾನೀಯ. ವೈದ್ಯರು ಅಳತೆ ಹೇಳಿ, ಇಷ್ಟು ದಿನ ಎಂದು ಗೊತ್ತುಮಾಡಿ ಕೊಡುವ ಕಷಾಯ ಬೇರೆ, ಅದು ಔಷಧಿ. ಫಾರ್ವರ್ಡ್‌ಗಳು ಈ ಎರಡನ್ನೂ ಒಂದೇ ಲೋಟಕ್ಕೆ ಸುರಿಯುತ್ತವೆ. ತೊಂದರೆ ಶುರುವಾಗುವುದು ಅಲ್ಲಿಂದ.

ಕಷಾಯ ಕುಡಿದರೆ ಮೈ ನಿಜಕ್ಕೂ ಬೆಚ್ಚಗಾಗುತ್ತದೆಯೇ?

ಬೆಚ್ಚಗಾದಂತೆ ಅನ್ನಿಸುವುದು ನಿಜ. ಆದರೆ ದೇಹದ ಉಷ್ಣಾಂಶ ಏರುವುದಿಲ್ಲ ಎಂದೇ ಹೇಳಬಹುದು. ಲೆಕ್ಕ ಸುಲಭ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ 200 ಮಿಲಿಲೀಟರ್ ಕಷಾಯ ಹೊಟ್ಟೆಗೆ ಹೋಗಿ ದೇಹದ 37 ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 4.6 ಕಿಲೋಕ್ಯಾಲೊರಿ. 60 ಕಿಲೋ ತೂಕದ ದೇಹವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವುದು ಸುಮಾರು 50 ಕಿಲೋಕ್ಯಾಲೊರಿ. ಅಂದರೆ ಒಂದು ಲೋಟದಿಂದ ಡಿಗ್ರಿಯ ಹತ್ತನೇ ಒಂದು ಭಾಗದಷ್ಟೂ ಏರಿಕೆಯಾಗದು.

ಹಾಗಿದ್ದರೆ ಬಿಸಿ ಅನ್ನಿಸುವುದೇಕೆ? ನಮ್ಮ ಬಾಯಿ, ಗಂಟಲಿನ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಕಿದಾಗ ಅದು ಮಿದುಳಿಗೆ ಸುದ್ದಿ ಕಳಿಸುತ್ತದೆ. ಹಸಿಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕಾಳುಮೆಣಸಿನ ಪೈಪರಿನ್, ಶುಂಠಿಯ ಜಿಂಜರಾಲ್ ಕೂಡ ಇದೇ ಗ್ರಾಹಕವನ್ನು ಕೆರಳಿಸುತ್ತವೆ. ಮಿದುಳಿಗೆ ಖಾರವೂ ಬಿಸಿಯೂ ಒಂದೇ ದಾರಿಯಲ್ಲಿ ಬಂದ ಸುದ್ದಿ. ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ, ಆರ್ಡೆಮ್ ಪಟಪೂಟಿಯನ್ ಅವರ ಜೊತೆ 2021ರ ವೈದ್ಯಕೀಯ ನೊಬೆಲ್ ಬಂತು.

ಶೀತಕ್ಕೆ ಉಪಯೋಗವಿದೆಯೇ?

ಇದೆ, ಆದರೆ ಫಾರ್ವರ್ಡ್ ಹೇಳುವಷ್ಟಲ್ಲ. 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಶೀತವಾಗಿದ್ದ 30 ಜನರಿಗೆ ಒಂದೇ ಹಣ್ಣಿನ ಪಾನೀಯವನ್ನು ಬಿಸಿಯಾಗಿಯೂ, ಕೋಣೆಯ ಉಷ್ಣಾಂಶದಲ್ಲಿಯೂ ಕೊಟ್ಟು ನೋಡಿದರು. ಮೂಗು ಸೋರುವುದು, ಕೆಮ್ಮು, ಸೀನು ಎರಡರಲ್ಲೂ ಸ್ವಲ್ಪ ಕಡಿಮೆಯಾಯಿತು ಎಂದರು ಕುಡಿದವರು. ಗಂಟಲು ನೋವು, ಚಳಿ, ಸುಸ್ತು ಇಳಿದಂತೆನಿಸಿದ್ದು ಬಿಸಿಯಾಗಿ ಕುಡಿದಾಗ ಮಾತ್ರ. ಉಪಕರಣದಲ್ಲಿ ಅಳೆದಾಗ ಮೂಗಿನ ಗಾಳಿಯ ಹರಿವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಇದು ಸಣ್ಣ ಅಧ್ಯಯನ. ಆದರೂ ಎರಡು ವಿಷಯ ಸ್ಪಷ್ಟ. ಬಿಸಿ ಪಾನೀಯ ಹಿತ ಕೊಡುತ್ತದೆ, ಅದರಲ್ಲಿ ಅಪರೂಪದ ಮೂಲಿಕೆ ಇರಲೇಬೇಕೆಂದಿಲ್ಲ. ಹಿತ ಸಿಗುವುದು ಬೇರೆ, ವೈರಸ್ ಸಾಯುವುದು ಬೇರೆ. ಸಾಮಾನ್ಯ ಶೀತ ಕಷಾಯ ಕುಡಿದರೂ ಕುಡಿಯದಿದ್ದರೂ ಬಹುತೇಕ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ.

ಯಾವುದನ್ನು ಆರಿಸಬೇಕು?

*ಹಸಿಶುಂಠಿ ಮತ್ತು ಒಣಶುಂಠಿ:* ಎರಡೂ ಒಂದೇ ಅಲ್ಲ. ಶುಂಠಿ ಒಣಗುವಾಗ ಜಿಂಜರಾಲ್ ಸ್ವಲ್ಪ ಸ್ವಲ್ಪವಾಗಿ ಶೋಗಾಲ್ ಆಗಿ ಬದಲಾಗುತ್ತದೆ, ಅದರ ಖಾರ ಇನ್ನೂ ಹೆಚ್ಚು. ಆದ್ದರಿಂದ ಎರಡು ಲೋಟಕ್ಕೆ ಹಸಿಶುಂಠಿ ಒಂದು ಇಂಚು ಬೇಕಾದರೆ ಒಣಶುಂಠಿ ಪುಡಿ ಕಾಲು ಚಮಚ ಸಾಕು.

*ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ:* ಅಡುಗೆಗೆ ಬಳಸುವಷ್ಟೇ ಬಳಸಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ. ಎದೆಯುರಿ, ಆಸಿಡಿಟಿ ಇರುವವರು ಮೆಣಸು, ಶುಂಠಿ ಕಡಿಮೆ ಮಾಡಿ ಕೊತ್ತಂಬರಿ, ಜೀರಿಗೆ ಹೆಚ್ಚು ಹಾಕಿಕೊಳ್ಳಬಹುದು.

*ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು:* ಇವುಗಳ ಪರಿಮಳವೆಲ್ಲ ಆವಿಯಾಗಿ ಹೋಗುವ ಎಣ್ಣೆಯಲ್ಲಿದೆ. ಹೆಚ್ಚು ಹೊತ್ತು ಕುದಿಸಿದರೆ ಘಮ ಮನೆಯಲ್ಲಿ ಉಳಿಯುತ್ತದೆ, ಲೋಟದಲ್ಲಿ ಅಲ್ಲ.

*ಚಕ್ಕೆ:* ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ದಪ್ಪವಾಗಿ, ಗಟ್ಟಿಯಾಗಿ, ಒಂದೇ ಪದರದಲ್ಲಿ ಸುರುಳಿಯಾಗಿರುವುದು ಕ್ಯಾಸಿಯಾ. ಕಾಗದದಂಥ ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುವುದು ಸಿಲೋನ್ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ಅತಿಯಾದರೆ ಕೆಲವರ ಲಿವರ್‌ಗೆ ಹಾನಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯ ಮಿತಿ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.1 ಮಿಲಿಗ್ರಾಂ, ಅಂದರೆ 60 ಕಿಲೋದವರಿಗೆ 6 ಮಿಲಿಗ್ರಾಂ. ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ತುಂಡು ಹಾಕಿದರೆ ಚಿಂತೆಯಿಲ್ಲ. ದಿನವೂ ಒಂದು ಚಮಚ ಕ್ಯಾಸಿಯಾ ಪುಡಿ ತಿಂದರೆ ಈ ಮಿತಿ ದಾಟಬಹುದು.

*ಜ್ಯೇಷ್ಠಮಧು:* ಅತಿಮಧುರ ಎಂದೂ ಕರೆಯುತ್ತಾರೆ. ಗಂಟಲಿಗೆ ಹಿತ, ಬಾಯಿಗೆ ಸಿಹಿ. ಆದರೆ ಈ ಪಟ್ಟಿಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೇ. ಇದರಲ್ಲಿರುವ ಗ್ಲಿಸರೈಝಿನ್, ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಡ್ನಿಯ ಒಂದು ಕಿಣ್ವವನ್ನು ತಡೆಯುತ್ತದೆ. ಪರಿಣಾಮವಾಗಿ ದೇಹ ಉಪ್ಪು, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಹೋಗುತ್ತದೆ, ಬಿಪಿ ಏರುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಬಿಪಿ, ಹೃದಯ, ಕಿಡ್ನಿ ಸಮಸ್ಯೆ ಇರುವವರು, ಗರ್ಭಿಣಿಯರು ಇದನ್ನು ಬಿಡುವುದೇ ಕ್ಷೇಮ. ಉಳಿದವರಿಗೂ ದಿನನಿತ್ಯದ ಅಭ್ಯಾಸ ಬೇಡ.

ಹೇಗೆ ಕುದಿಸಬೇಕು?

ನಿಯಮ ಒಂದೇ: ಗಟ್ಟಿಯಾದುದನ್ನು ಕುದಿಸಿ, ಎಲೆಯನ್ನು ನೆನೆಸಿ.

1. ಎರಡು ಲೋಟ ನೀರಿಗೆ ಒಂದು ಇಂಚು ಶುಂಠಿ, ನಾಲ್ಕೈದು ಕಾಳುಮೆಣಸು, ಒಂದು ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ ಜಜ್ಜಿ ಹಾಕಿ.
2. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ಇಡಿ.
3. ಒಲೆ ಆರಿಸಿ, ಆರೇಳು ತುಳಸಿ ಎಲೆ ಅಥವಾ ಒಂದೆರಡು ದೊಡ್ಡಪತ್ರೆ ಎಲೆ ಹರಿದು ಹಾಕಿ, ಐದು ನಿಮಿಷ ತಟ್ಟೆ ಮುಚ್ಚಿಡಿ.
4. ಸೋಸಿ, ಬೇಕಿದ್ದರೆ ಚೂರು ಬೆಲ್ಲ ಹಾಕಿ. ನಿಂಬೆರಸ ಹಿಂಡುವುದಾದರೆ ಲೋಟಕ್ಕೆ ಬಗ್ಗಿಸಿದ ಮೇಲೆ ಹಿಂಡಿ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಬೇಡ, ಲೋಹ ಬಿಡುತ್ತದೆ.

ಹಾಲು ಹಾಕುವವರಿಗೆ ಒಂದು ಮಾತು. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವವಿದೆ. ಶುಂಠಿಯನ್ನು ಮೊದಲು ನೀರಿನಲ್ಲೇ ಚೆನ್ನಾಗಿ ಕುದಿಸಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಆಮೇಲೆ ಹಾಲು ಹಾಕಿದರೆ ಒಡೆಯುವುದಿಲ್ಲ. ಬೆಲ್ಲವನ್ನೂ ಒಲೆಯಿಂದ ಇಳಿಸಿದ ಮೇಲೆ ಹಾಕಿ.

ಸುಡುಸುಡು ಕುಡಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2016ರಲ್ಲಿ, 65 ಡಿಗ್ರಿಗಿಂತ ಹೆಚ್ಚು ಬಿಸಿಯ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂಬ ಗುಂಪಿಗೆ ಸೇರಿಸಿತು. ಕಾರಣ ಪಾನೀಯವಲ್ಲ, ಅದರ ಬಿಸಿ. ಲೋಟಕ್ಕೆ ಬಗ್ಗಿಸಿ ಸ್ವಲ್ಪ ಹೊತ್ತು ಆರಲು ಬಿಡಿ, ತುಟಿ ಸುಡದ ಹದದಲ್ಲಿ ಕುಡಿಯಿರಿ.

ಫಾರ್ವರ್ಡ್‌ಗಳ ನಾಲ್ಕು ಮಾತು

"ಹೆಚ್ಚು ಕುದಿಸಿ ಬತ್ತಿಸಿದಷ್ಟೂ ಒಳ್ಳೆಯದು." ಆಯುರ್ವೇದದ ಶಾರ್ಙ್ಗಧರ ಸಂಹಿತೆ, ಒಂದು ಪಾಲು ದ್ರವ್ಯಕ್ಕೆ 16 ಪಾಲು ನೀರು ಹಾಕಿ ಎಂಟನೇ ಒಂದು ಪಾಲಿಗೆ ಇಳಿಸಬೇಕು ಎನ್ನುತ್ತದೆ. ಅದು ಔಷಧಿಯ ಅಳತೆ, ದಿನವಿಡೀ ಗುಟುಕರಿಸುವ ಪಾನೀಯದ್ದಲ್ಲ. ಆಯುಷ್ ಸಚಿವಾಲಯ 2020ರಲ್ಲಿ ಸೂಚಿಸಿದ್ದ ತುಳಸಿ-ಚಕ್ಕೆ-ಮೆಣಸು-ಶುಂಠಿ-ದ್ರಾಕ್ಷಿಯ ಕಷಾಯಕ್ಕೂ ಹೇಳಿದ ಮಿತಿ ದಿನಕ್ಕೆ ಒಂದು ಅಥವಾ ಎರಡು ಬಾರಿ.

"ಅರಿಶಿನಕ್ಕೆ ಮೆಣಸು ಸೇರಿಸಿದರೆ ಶಕ್ತಿ 20 ಪಟ್ಟು." ಇದರ ಮೂಲ ನಮ್ಮ ಬೆಂಗಳೂರೇ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಅದು ರಕ್ತಕ್ಕೆ ಸೇರುವ ಪ್ರಮಾಣ 20 ಪಟ್ಟು ಏರಿತ್ತು. ಆದರೆ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇಕಡ 3. ಆ 2 ಗ್ರಾಂ ಸಿಗಬೇಕಾದರೆ ಅರವತ್ತು ಗ್ರಾಂಗೂ ಹೆಚ್ಚು ಅರಿಶಿನ ನುಂಗಬೇಕು. ಚಿಟಿಕೆ ಅರಿಶಿನದ ಲೋಟಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಇನ್ನೊಂದು ಮುಖವೂ ಇದೆ: ಪೈಪರಿನ್ ಕೆಲವು ಔಷಧಿಗಳೂ ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಅವುಗಳಲ್ಲೊಂದು.

"ಅಮೃತಬಳ್ಳಿ ದಿನಾ ಕುಡಿದರೆ ಯಾವ ರೋಗವೂ ಬರದು." 2022ರಲ್ಲಿ ಪ್ರಕಟವಾದ, ಭಾರತದ 13 ಕೇಂದ್ರಗಳ ಅಧ್ಯಯನವೊಂದು ಅಮೃತಬಳ್ಳಿ ಸೇವಿಸಿದ ನಂತರ ಲಿವರ್ ತೊಂದರೆಗೆ ಒಳಗಾದ 43 ರೋಗಿಗಳನ್ನು ವರದಿ ಮಾಡಿತು. ಸೇವನೆ ಶುರುವಾಗಿ ಲಕ್ಷಣ ಕಾಣಿಸಿಕೊಳ್ಳಲು ಹಿಡಿದ ಸಮಯದ ಮಧ್ಯಾಂಕ 46 ದಿನ. ಮೊದಲೇ ಲಿವರ್ ಕಾಯಿಲೆ ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ಆಯುಷ್ ಸಚಿವಾಲಯ ಈ ನಂಟನ್ನು ಒಪ್ಪಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯೊಂದಿಗೆ ಗೊಂದಲವಾಗಬಾರದು ಎಂಬುದು ಅದರ ನಿಲುವು. ವಾದ ಏನೇ ಇರಲಿ, ಬೇಲಿಯ ಮೇಲಿನ ಬಳ್ಳಿ ಕಿತ್ತು ತಿಂಗಳುಗಟ್ಟಲೆ ಕುಡಿಯಬಾರದು ಎಂಬಲ್ಲಿ ಎರಡೂ ಕಡೆಯ ಮಾತು ಒಂದೇ ದಾರಿ ತೋರಿಸುತ್ತದೆ.

"ಬಿಸಿ ಕಷಾಯಕ್ಕೆ ಜೇನು ಹಾಕಿದರೆ ವಿಷ." ಜೇನನ್ನು ಬಿಸಿ ಮಾಡಬಾರದು ಎಂಬುದು ಆಯುರ್ವೇದದ ನಿಯಮ. ಹೆಚ್ಚು ಬಿಸಿಗೆ ಅದರ ಕಿಣ್ವಗಳು ನಾಶವಾಗುವುದು, ಎಚ್‌ಎಂಎಫ್ ಎಂಬ ಅಂಶ ಹೆಚ್ಚುವುದು ಹೌದು. ಆದರೆ ಉಗುರುಬೆಚ್ಚಗಿನ ಲೋಟಕ್ಕೆ ಹಾಕಿದ ಒಂದು ಚಮಚ ಜೇನು ವಿಷವಾಗುವುದಿಲ್ಲ. ನಿಜವಾದ ಅಪಾಯ ಬೇರೆ ಕಡೆ ಇದೆ: ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ಯಾವ ರೂಪದಲ್ಲೂ ಕೊಡಬಾರದು. ಜೇನಿನಲ್ಲಿರಬಹುದಾದ ಬ್ಯಾಕ್ಟೀರಿಯಾ ಬೀಜಕಣಗಳು ಎಳೆಯ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಪ್ರಾಣಾಂತಿಕ ಕಾಯಿಲೆ ತರಬಹುದು. ಬೆರಳಲ್ಲಿ ನೆಕ್ಕಿಸುವುದೂ ಬೇಡ.

ಯಾರು ವೈದ್ಯರನ್ನು ಕೇಳಿಯೇ ಕುಡಿಯಬೇಕು?

* ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಶುಂಠಿ, ಅರಿಶಿನ ಹೆಚ್ಚಾದರೆ ರಕ್ತಸ್ರಾವದ ಅಪಾಯ ಏರಬಹುದು.
* ಲಿವರ್, ಕಿಡ್ನಿ, ಹೃದಯ ಸಮಸ್ಯೆ ಇರುವವರು ಮತ್ತು ಗರ್ಭಿಣಿಯರು.
* ಸಕ್ಕರೆ ಕಾಯಿಲೆ ಇರುವವರು. ಬೆಲ್ಲವೂ ಬಹುಪಾಲು ಸಕ್ಕರೆಯೇ, ಬಣ್ಣ ಮಾತ್ರ ಬೇರೆ.
* ಆರು ತಿಂಗಳು ತುಂಬದ ಶಿಶುಗಳಿಗೆ ಕೇಳುವ ಪ್ರಶ್ನೆಯೇ ಇಲ್ಲ. ಎದೆಹಾಲು ಬಿಟ್ಟು ಬೇರೇನೂ ಬೇಡ, ಕಷಾಯವಂತೂ ಬೇಡವೇ ಬೇಡ.

ವೈದ್ಯರ ಬಳಿ ಹೋದಾಗ ಮನೆಯಲ್ಲಿ ಏನೇನು ಕುಡಿಯುತ್ತಿದ್ದೀರಿ ಎಂದು ಹೇಳಿ. ಕಷಾಯ ತಾನೇ ಎಂದು ಬಿಟ್ಟುಬಿಡುವ ಈ ಒಂದು ಮಾಹಿತಿ, ಏರಿದ ಬಿಪಿಗೋ ಹಳದಿಯಾದ ಕಣ್ಣಿಗೋ ಕಾರಣ ಹುಡುಕಲು ನೆರವಾಗಬಹುದು.

ಕಷಾಯ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಉಸಿರಾಟಕ್ಕೆ ಕಷ್ಟ, ಎದೆನೋವು, ಕಫದಲ್ಲಿ ರಕ್ತ, ಮೂರು ದಿನ ದಾಟಿದ ಜೋರು ಜ್ವರ, ಮಗು ಹಾಲು ಕುಡಿಯದಿರುವುದು ಅಥವಾ ಪಕ್ಕೆ ಸೆಳೆದು ಉಸಿರಾಡುವುದು. ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಮಾಡಿಸಿಕೊಳ್ಳಿ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ. "ಇನ್ನೊಂದು ವಾರ ಕಷಾಯ ಕುಡಿದು ನೋಡೋಣ" ಎಂದು ಕಳೆಯುವ ದಿನಗಳಲ್ಲಿ ಕಾಯಿಲೆ ಒಳಗೆ ಬಲಿಯುತ್ತದೆ, ಮನೆಯವರಿಗೂ ಹರಡುತ್ತದೆ.

ಗ್ರೂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ

ಚಳಿಗೆ ಕಷಾಯ ಹಿತ, ಶೀತಕ್ಕೆ ಮದ್ದಲ್ಲ. ದಿನಕ್ಕೆ ಒಂದೆರಡು ಲೋಟ, ಅಡುಗೆಯ ಅಳತೆ ಸಾಕು. ಬೇರು, ಬೀಜ ಕುದಿಸಿ, ಎಲೆ ಮುಚ್ಚಿಡಿ, ಆರಿಸಿ ಕುಡಿಯಿರಿ. ಬಿಪಿ ಇದ್ದವರಿಗೆ ಜ್ಯೇಷ್ಠಮಧು ಬೇಡ, ವರ್ಷ ತುಂಬದ ಮಗುವಿಗೆ ಜೇನು ಬೇಡ, ಅಮೃತಬಳ್ಳಿ ವೈದ್ಯರನ್ನು ಕೇಳದೆ ಬೇಡ. ಎರಡು ವಾರ ಮೀರಿದ ಕೆಮ್ಮಿಗೆ ಪರೀಕ್ಷೆ ಮಾಡಿಸಿ.