ಬಿಲ್ಲಿಗೆ ಹೆದೆಯೇರಿಸುವ ಬಲ್ಮೆ

ಹೊಳೆನರಸೀಪುರದ ಹರದನಹಳ್ಳಿಯನ್ನು ಒಳಗೊಂಡಿರುವ ಹಾಸನ ಜಿಲ್ಲೆಯು ಹೊಯ್ಸಳ ಶಿಲ್ಪದ ತವರು. ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯ ಮದನಿಕೆಯಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳಲ್ಲಿ ಭಾರತಯುದ್ಧದ ಬಿಲ್ಲಾಳುಗಳಿದ್ದಾರೆ. ಆದರೆ ಬಾಣವನ್ನು ಎಸೆಯುವ ವೇಳೆಗೆ ಬಿಲ್ಲಿಗೆ ಹೆದೆ ಏರಿಯೇ ಇರುತ್ತದೆ. ಅದಕ್ಕೆ ಮುಂಚಿನ ಶ್ರಮವನ್ನು ತಿಳಿಸತಕ್ಕವು ಕಾವ್ಯಗಳು. ದ್ರೌಪದೀಸ್ವಯಂವರದಲ್ಲಿ ಅರಸರು ಹೆದೆಯೇರಿಸಲಾರದೆ ಸೋಲುವ ಪ್ರಸಂಗವನ್ನು ಬರಿಯ ಅತಿಶಯೋಕ್ತಿಯೆಂದು ಓದುವುದುಂಟು. ಬಿಲ್ಲಿನ ರಚನೆಯನ್ನು ಪರಿಶೀಲಿಸಿದರೆ ಈ ಅಭಿಪ್ರಾಯವು ನಿಲ್ಲಲಾರದು.

ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ದೊರೆತು, ಆರ್. ಶಾಮಾಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಲ್ಯನ ಅರ್ಥಶಾಸ್ತ್ರವು ತಾಳೆ, ಬಿದಿರು, ಮರ, ಕೊಂಬು ಎಂಬ ನಾಲ್ಕು ವಸ್ತುಗಳಿಂದಾದ ಬಿಲ್ಲುಗಳನ್ನು ಹೇಳುತ್ತದೆ. ಹೆದೆಗೆ ಮೂರ್ವಾ, ಎಕ್ಕ, ಸೆಣಬು ಮೊದಲಾದ ನಾರುಗಳನ್ನೂ ಪ್ರಾಣಿಗಳ ನರವನ್ನೂ ಎಣಿಸುತ್ತದೆ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಬಂದುದೂ ಶೃಂಗ, ಎಂದರೆ ಕೊಂಬು, ಎಂಬ ಶಬ್ದದಿಂದಲೇ. ಸಂಯುಕ್ತವಾದ ಬಿಲ್ಲಿನಲ್ಲಿ ನಡುವೆ ಮರವೂ, ಬಿಲ್ಲಾಳಿನ ಕಡೆಗಿರುವ ಒಳಮೈಗೆ ಕೊಂಬೂ, ಹೊರಮೈಗೆ ನರವೂ ಅಂಟಿನಿಂದ ಬೆಸೆದಿರುತ್ತವೆ. ಸೆಳೆದಾಗ ಒಳಮೈ ಒತ್ತಲ್ಪಡುತ್ತದೆ, ಹೊರಮೈ ಹಿಗ್ಗುತ್ತದೆ. ಒತ್ತಡವನ್ನು ತಾಳುವುದರಲ್ಲಿ ಕೊಂಬೂ, ಹಿಗ್ಗನ್ನು ತಾಳುವುದರಲ್ಲಿ ನರವೂ ಮರಕ್ಕಿಂತ ಮೇಲಾದುವು. ಆದುದರಿಂದಲೇ ಗಿಡ್ಡನಾದ ಬಿಲ್ಲೂ ಮಹಾಬಲವನ್ನು ಅಡಗಿಸಿಕೊಳ್ಳಬಲ್ಲುದು. ಆದರೆ ಅಂಟಿಗೆ ತೇವವು ಶತ್ರು.

ಸದಾ ಹೆದೆ ಕಟ್ಟಿಟ್ಟ ಮರದ ಬಿಲ್ಲು ಬಾಗಿದಂತೆಯೇ ನಿಂತು ಬಲಗುಂದುತ್ತದೆ. ಆದಕಾರಣ ಕಾರ್ಯಕಾಲದಲ್ಲಿ ಏರಿಸಿ, ಮುಗಿದೊಡನೆ ಇಳಿಸುವುದು ವಾಡಿಕೆ. ಹೆದೆಯಿಳಿಸಿದ ಸಂಯುಕ್ತ ಬಿಲ್ಲು ಹಿಂದುಮುಂದಾಗಿ ಬಾಗಿ ನಿಲ್ಲುತ್ತದೆ. ಅದನ್ನು ಮತ್ತೆ ತಿರುಗಿಸಿ ಬಗ್ಗಿಸಿ ಹೆದೆಯ ಕುಣಿಕೆಯನ್ನು ತುದಿಗೆ ಸೇರಿಸಬೇಕು. ಇದಕ್ಕೆ ತೋಳ್ಬಲವೊಂದೇ ಸಾಲದು. ತೊಡೆ, ಮೊಣಕಾಲು, ಬೆನ್ನು ಎಲ್ಲವೂ ಕ್ರಮವಾಗಿ ತೊಡಗಬೇಕು. ನಡುವೆ ಹಿಡಿತ ಜಾರಿತೆಂದರೆ ಬಿಲ್ಲು ಚಿಮ್ಮಿ ಹಿಡಿದವನಿಗೇ ಹೊಡೆಯುತ್ತದೆ. ಬಲ್ಬಿಲ್ಲುಗಳ ಸೆಳೆತ ಎಷ್ಟೆಂಬುದಕ್ಕೆ ಹೊರನಾಡಿನ ಸಾಕ್ಷ್ಯವೊಂದುಂಟು: 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಬಿಲ್ಲುಗಳು ಸುಮಾರು 100ರಿಂದ 185 ರಾತಲುಗಳ ಸೆಳೆತದವೆಂದು ವಿದ್ವಾಂಸರು ಗಣಿಸಿದ್ದಾರೆ. ಇಂಥ ಬಿಲ್ಲು ವರ್ಷಗಟ್ಟಲೆ ಅಭ್ಯಾಸವಿಲ್ಲದವನಿಗೆ ವಶವಾಗದು.

ಈ ಬೆಳಕಿನಲ್ಲಿ ಸ್ವಯಂವರವನ್ನು ನೋಡಬೇಕು. ವ್ಯಾಸಭಾರತದ ಆದಿಪರ್ವದಲ್ಲಿ ಹೆದೆಯೇರಿಸಹೊರಟ ಅರಸರನ್ನು ಚಿಮ್ಮಿದ ಬಿಲ್ಲು ನೆಲಕ್ಕೆ ಕೆಡೆಯುತ್ತದೆ. ಇದು ಬಲ್ಬಿಲ್ಲಿನ ಸಹಜ ಧರ್ಮವೇ ಹೊರತು ಕವಿಯ ಕಲ್ಪನೆ ಮಾತ್ರವಲ್ಲ. ಪಂಪನು 941ರ ವಿಕ್ರಮಾರ್ಜುನವಿಜಯದಲ್ಲಿಯೂ, ಕುಮಾರವ್ಯಾಸನು ತನ್ನ ಭಾರತದಲ್ಲಿಯೂ ಈ ಕಥೆಯನ್ನು ಕನ್ನಡಕ್ಕೆ ತಂದರು. ಇಲ್ಲಿ ಪರೀಕ್ಷೆಗಳು ಎರಡು: ಹೆದೆಯೇರಿಸುವುದು ಬಲದ ಮತ್ತು ಅಭ್ಯಾಸದ ಪರೀಕ್ಷೆ, ಗುರಿಯನ್ನು ಭೇದಿಸುವುದು ದೃಷ್ಟಿಯ ಪರೀಕ್ಷೆ. ಮೊದಲನೆಯದನ್ನು ಅಲಂಕಾರವೆಂದು ತಳ್ಳಿಬಿಟ್ಟರೆ ಅರ್ಜುನನ ಗೆಲವಿನಲ್ಲಿ ಅರ್ಧವು ಕಾಣದೆ ಹೋಗುತ್ತದೆ. ಬಿಲ್ಲುಗಾರಿಕೆಯ ಪರಿಚಯವಿದ್ದ ಕೇಳುಗರಿಗೆ ಹೇಳಬೇಕಾಗಿರದಿದ್ದ ಈ ಸಂಗತಿಯನ್ನು, ಆ ಕಸುಬು ಮರೆಯಾದ ಕಾಲದಲ್ಲಿ, ಬೋಧಕರು ವಿವರಿಸಿಯೇ ಮುಂದುವರಿಯುವುದು ಯುಕ್ತ.