ಗಡ್ಡೆ ತೆಗೆದ ಮೇಲೆ ಉಣ್ಣುವುದು, ಮಾತಾಡುವುದು, ದುಡಿಯುವುದು

1973ರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದ ಕಾಲಕ್ಕೆ ನಾಲಿಗೆ ಕ್ಯಾನ್ಸರ್ ಬಂದವರ ಮುಂದಿದ್ದುದು ಜೀವ ಉಳಿದೀತೇ ಎಂಬ ಒಂದೇ ಪ್ರಶ್ನೆ. ಕತ್ತರಿಸಿದ ಜಾಗವನ್ನು ತುಂಬುವ ವಿದ್ಯೆ ಆಮೇಲೆ ಬೆಳೆಯಿತು. 1979ರಲ್ಲಿ ಎದೆಯ ಸ್ನಾಯುವನ್ನು ಮೇಲಕ್ಕೆ ತಿರುಗಿಸಿ ಹೊಲಿಯುವ ಕ್ರಮ ಬಂತು. 1981ರಲ್ಲಿ ಚೀನಾದ ವೈದ್ಯರು ಮುಂಗೈ ಚರ್ಮವನ್ನು ರಕ್ತನಾಳಗಳ ಸಮೇತ ತೆಗೆದು ಬೇರೆಡೆ ಜೋಡಿಸುವ ವಿಧಾನವನ್ನು ಪ್ರಕಟಿಸಿದರು. ತೆಳ್ಳಗಿನ, ಬಾಗುವ ಆ ಚರ್ಮ ನಾಲಿಗೆಯ ಮರುರಚನೆಗೆ ಚೆನ್ನಾಗಿ ಒದಗಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ 2015ರ ಅಧ್ಯಯನ ಇನ್ನೊಂದು ತಿರುವು. ಆರಂಭದ ಹಂತದ ಬಾಯಿ ಕ್ಯಾನ್ಸರ್‌ನಲ್ಲೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆಸಿಕೊಂಡವರಲ್ಲಿ ಮೂರು ವರ್ಷದ ಬಳಿಕ ಶೇ. 80ರಷ್ಟು ಮಂದಿ ಬದುಕಿದ್ದರು. ಕಾದು ನೋಡಿದವರಲ್ಲಿ ಶೇ. 67.5.

ಆದರೆ ಆ ಗ್ರಂಥಿಗಳ ನಡುವೆ ಭುಜವನ್ನೆತ್ತುವ ನರವೊಂದು ಹಾದುಹೋಗುತ್ತದೆ. ನರ ಉಳಿದರೂ ಎಷ್ಟೋ ಜನರ ಭುಜ ಬಿಗಿದುಕೊಳ್ಳುತ್ತದೆ. ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವವನಿಗೆ ಇದು ಅನ್ನದ ಪ್ರಶ್ನೆ. ಫಿಸಿಯೋಥೆರಪಿಯನ್ನು ಆಪರೇಷನ್ ಆದ ಕೆಲವೇ ದಿನಗಳಲ್ಲಿ ಶುರುಮಾಡಬೇಕು. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಮರೆತುಹೋಗುವುದೂ ಅದೇ.

ಚಿಕಿತ್ಸೆಯೇನೋ ಕಾರ್ಖಾನೆಗಳ ಬಾಗಿಲಿಗೆ ಬಂದಿದೆ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಬೊಮ್ಮಸಂದ್ರದಲ್ಲಿ 2009ರಿಂದ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರವಿದೆ, ವೈಟ್‌ಫೀಲ್ಡಿನಲ್ಲಿ ವೈದೇಹಿ ಆಸ್ಪತ್ರೆ ಇದೆ. ಆಪರೇಷನ್ ನಂತರದ ರೇಡಿಯೇಷನ್ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ. ಬಾಯಿ ಹುಣ್ಣಾಗಿ ನೀರೂ ಇಳಿಯದ ಆ ದಿನಗಳಲ್ಲಿ, 2025ರಲ್ಲಿ ಬೊಮ್ಮಸಂದ್ರ ಮುಟ್ಟಿದ ಹಳದಿ ಮಾರ್ಗದ ಮೆಟ್ರೋ ದೊಡ್ಡ ಉಪಕಾರವೇ ಸರಿ.

ಹಿಂದುಳಿದಿರುವುದು ಮಾತು ಮತ್ತು ನುಂಗುವಿಕೆಯ ಆರೈಕೆ. ಗಂಟಲ ಕ್ಯಾನ್ಸರ್‌ಗೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗಾಗಿ ಬೆಂಗಳೂರಿನ ಡಾ. ವಿಶಾಲ್ ರಾವ್ ಸುಮಾರು ಐವತ್ತು ರೂಪಾಯಿಯ 'ಓಂ' ಎಂಬ ಸಾಧನ ರೂಪಿಸಿದರು. ನಾಲಿಗೆಗೆ ಅಂಥ ಸಾಧನವಿಲ್ಲ, ದಿನನಿತ್ಯದ ಅಭ್ಯಾಸವೇ ದಾರಿ. ಪ, ಬ, ಮ ತುಟಿಯಲ್ಲೇ ಹುಟ್ಟುತ್ತವೆ. ಟ, ಣ, ಳ ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಿಸದೆ ಬರುವುದಿಲ್ಲ. ಸ್ಪೀಚ್ ಥೆರಪಿಸ್ಟ್ ತಿಂಗಳುಗಟ್ಟಲೆ ಜೊತೆಗಿರಬೇಕು. ಅಗಿಯದೆ ನುಂಗುವ ಮುದ್ದೆಯೂ ಸುಲಭವಲ್ಲ, ತುತ್ತನ್ನು ಗಂಟಲಿಗೆ ತಳ್ಳುವುದು ನಾಲಿಗೆಯೇ. ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ತೆಗೆದ ಮೇಲೆ ರಾಗಿ ಗಂಜಿ, ಮಿಕ್ಸಿಗೆ ಹಾಕಿದ ಅನ್ನ, ಗಂಟೆಗಟ್ಟಲೆಯ ಊಟ. ಅರ್ಧ ಗಂಟೆಯ ಊಟದ ಬಿಡುವಿನಲ್ಲಿ, ಎಲ್ಲರ ಕಣ್ಣೆದುರು, ಅದು ಮುಗಿಯದು.

ನೆರವು ಸಿಗುವುದೂ ಕೆಲಸದ ದರ್ಜೆ ನೋಡಿಕೊಂಡೇ. 2017ರಿಂದ 21,000 ರೂಪಾಯಿವರೆಗಿನ ಸಂಬಳದವರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಉಂಟು. ಕ್ಯಾನ್ಸರ್‌ಗೆ ಎರಡು ವರ್ಷದವರೆಗೂ ಶೇ. 80ರಷ್ಟು ಕೂಲಿ ಕೊಡುವ ಅದರ ವಿಸ್ತೃತ ಅನಾರೋಗ್ಯ ಭತ್ಯೆ ನಮ್ಮಲ್ಲಿನ ಅತ್ಯುತ್ತಮ ಏರ್ಪಾಡು ಎಂದೇ ನನ್ನ ಎಣಿಕೆ. ಆದರೆ ಎರಡು ವರ್ಷದ ನಿರಂತರ ವಿಮಾ ಸೇವೆ ಬೇಕೆಂಬ ಷರತ್ತು, ಗುತ್ತಿಗೆದಾರ ಬದಲಾದಾಗಲೆಲ್ಲ ಕೆಲಸ ಕಡಿದುಹೋಗುವವರನ್ನು ಹೊರಗಿಡಬಲ್ಲದು. ಐಟಿ ಕಂಪನಿಗಳ ವಿಮೆ ಆಪರೇಷನ್ನಿನ ಲಕ್ಷಗಳನ್ನು ಭರಿಸಿದರೂ ಹೊರರೋಗಿಯಾಗಿ ಪಡೆಯುವ ಸ್ಪೀಚ್ ಥೆರಪಿಗೆ ಸಾಮಾನ್ಯವಾಗಿ ಕೈಯೆತ್ತುತ್ತದೆ. ಮಾರತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಉಚಿತ ಆರೈಕೆ ಕೊಡುತ್ತಿದೆ. ಅದು ಗುಣವಾಗದ ಹಂತ ತಲುಪಿದವರಿಗೆ. ಗುಣವಾಗಿ ಮನೆಗೆ ಬಂದವರಿಗೆ ಅಂಥದೊಂದು ಠಾವು ಈ ಕೈಗಾರಿಕಾ ವಲಯಗಳಲ್ಲಿ ಬೇಕು: ಸಂಜೆ ಪಾಳಿ ಮುಗಿಸಿ ಬರಬಹುದಾದ, ಥೆರಪಿಸ್ಟ್ ಇರುವ, ತಮ್ಮಂತೆಯೇ ಮಾತು ಕಲಿಯುತ್ತಿರುವವರ ಎದುರು ಸಂಕೋಚವಿಲ್ಲದೆ ಬಾಯಿ ತೆರೆಯಬಹುದಾದ ಒಂದು ಕೋಣೆ. ಅದನ್ನು ಇಎಸ್‌ಐ ಡಿಸ್ಪೆನ್ಸರಿಗಳಲ್ಲೇ ತೆರೆಯಬಹುದು.