ಈಸೂರು, 1942: ಒಂದು ದಿನ, ಹಲವು ಕೃತ್ಯ

ಕ್ವಿಟ್ ಇಂಡಿಯಾ ಚಳವಳಿಯ ನಡುವೆ, 1942ರ ಸೆಪ್ಟೆಂಬರ್ 28ರಂದು, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಅಮಲ್ದಾರರೂ ಪೊಲೀಸ್ ಸಬ್‌ಇನ್‌ಸ್ಪೆಕ್ಟರೂ ಊರವರ ಹೊಡೆತಕ್ಕೆ ಸಿಕ್ಕಿ ಸತ್ತರು. ಮರುವರ್ಷ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು: ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರು ಶಂಕರಪ್ಪ. ಸ್ವಾತಂತ್ರ್ಯ ಘೋಷಿಸಿಕೊಂಡ ಹಳ್ಳಿ ಎಂದು ಈಸೂರಿಗೆ ನಾಡಿನಲ್ಲಿ ದೊಡ್ಡ ಹೆಸರಿದೆ. ಆ ಗೌರವದ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ಸ್ವಾತಂತ್ರ್ಯಕ್ಕಾಗಿ ನಡೆದದ್ದು’ ಎಂಬ ಒಂದೇ ಮಾತು ಆ ದಿನ ನಡೆದ ಎಲ್ಲವನ್ನೂ ಸಮರ್ಥಿಸಬಲ್ಲದೇ ಎಂಬುದನ್ನು ಯಾರೂ ಬಿಡಿಸಿ ನೋಡಿದಂತಿಲ್ಲ.

ಮೊದಲು ಗಮನಿಸಬೇಕಾದದ್ದು, ಈಸೂರು ಬ್ರಿಟಿಷ್ ಆಡಳಿತದ ನೇರ ಪ್ರದೇಶವಲ್ಲ, ಮೈಸೂರು ಸಂಸ್ಥಾನದ ಹಳ್ಳಿ. ಸತ್ತವರು ಮಹಾರಾಜರ ಸರ್ಕಾರದ ನೌಕರರು, ಕನ್ನಡಿಗರು. ಪರಕೀಯನನ್ನು ಓಡಿಸುವ ಹೋರಾಟದ ನೈತಿಕತೆ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಹಾಗೆಂದು ಸಂಸ್ಥಾನ ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಾಲ್ಕು ವರ್ಷ ಹಿಂದೆ, 1938ರ ಏಪ್ರಿಲ್‌ನಲ್ಲಿ, ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ್ದು ಇದೇ ಸಂಸ್ಥಾನದ ಪೊಲೀಸರು. ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ್ದೊಂದು ಲೆಕ್ಕ, ಜನರದ್ದೊಂದು ಲೆಕ್ಕ. ಮೈಸೂರು ಕಾಂಗ್ರೆಸ್ ಕೇಳುತ್ತಿದ್ದದ್ದು ಜವಾಬ್ದಾರಿ ಸರ್ಕಾರ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರಿಸುವ ಸರ್ಕಾರ. ಈಸೂರಿನವರು ಊರಿಗೆ ಕಟ್ಟಿದ ಫಲಕದಲ್ಲಿ, ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಒಳಗೆ ಪ್ರವೇಶವಿಲ್ಲ ಎಂಬ ಅರ್ಥದ ಬರಹ ಇತ್ತೆನ್ನುತ್ತಾರೆ.

ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡದ್ದು, ಕಂದಾಯ ಕೊಡುವುದಿಲ್ಲ ಎಂದದ್ದು, ಬಂದ ಅಧಿಕಾರಿಗಳಿಗೆ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಪಟ್ಟು ಹಿಡಿದದ್ದು, ಇವೆಲ್ಲ ಅವಿಧೇಯತೆ. ಇದಕ್ಕೆ ಸಮರ್ಥನೆ ಹುಡುಕಬೇಕಾದ ಅಗತ್ಯವೇ ಇಲ್ಲ, ಯಾರ ಮೈಗೂ ನೋವಾಗಿಲ್ಲ. ಊರಿನ ಕಥನಗಳ ಪ್ರಕಾರ ಆಮೇಲೆ ಲಾಠಿ ಬೀಸಿತು, ಗುಂಡು ಹಾರಿತು. ಗುಂಡು ಹಾರಿಸುತ್ತಿರುವವನ ಕೈಯಿಂದ ಬಂದೂಕು ಕಿತ್ತುಕೊಳ್ಳಲು ನಡೆಯುವ ಬಲಪ್ರಯೋಗ ಆತ್ಮರಕ್ಷಣೆ. ಅದನ್ನು ತಪ್ಪೆನ್ನಲು ನನಗೆ ಕಾರಣ ಕಾಣುವುದಿಲ್ಲ. ಗಾಂಧೀಜಿಯೇ ಹೇಡಿತನಕ್ಕಿಂತ ಹಿಂಸೆ ಮೇಲೆಂದವರು. ತೊಡಕಿರುವುದು ಸಾವಿನಲ್ಲಿ. ಅಮಲ್ದಾರರು ಕಂದಾಯದ ಅಧಿಕಾರಿ, ಜೊತೆಗೆ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಅಧಿಕಾರವೂ ಆ ಹುದ್ದೆಗಿತ್ತು. ಆದ್ದರಿಂದ ಅವರನ್ನು ದಾರಿಹೋಕರೆಂದು ಬಿಡುವಂತಿಲ್ಲ. ಆದರೆ ಅಧಿಕಾರವಿದ್ದ ಮಾತ್ರಕ್ಕೆ ಪ್ರಾಣ ತೆಗೆಯುವ ಹಕ್ಕು ಎದುರಾಳಿಗೆ ಹುಟ್ಟುವುದಿಲ್ಲ. ಅಪಾಯ ತಪ್ಪಿದ ಕ್ಷಣಕ್ಕೆ ಆತ್ಮರಕ್ಷಣೆಯ ವಾದವೂ ಮುಗಿಯುತ್ತದೆ. ಆ ಬಳಿಕ ಬಿದ್ದ ಪ್ರತಿ ಹೊಡೆತಕ್ಕೂ ಬೇರೆ ಸಮರ್ಥನೆ ಬೇಕು. ಸ್ವಾತಂತ್ರ್ಯದ ಗುರಿ ಅದನ್ನು ಒದಗಿಸದು, ಏಕೆಂದರೆ ಇಬ್ಬರು ಸತ್ತದ್ದರಿಂದ ಆ ಗುರಿ ಒಂದು ಅಂಗುಲವೂ ಹತ್ತಿರ ಬರಲಿಲ್ಲ. ಬಂದದ್ದು ಪಡೆ. ಜನ ಊರು ಬಿಟ್ಟು ಕಾಡು ಸೇರಬೇಕಾಯಿತು.

ಯೋಜಿಸಿ ಮಾಡಿದ ಹಿಂಸೆಗೂ ಈ ಬಗೆಯ ಉದ್ರೇಕಕ್ಕೂ ಒಂದೇ ಅಳತೆಗೋಲು ಸರಿಯೇ? ಅದೇ ಚಳವಳಿಯ ಇನ್ನೊಂದು ಎಳೆ ಆಗಿನ ಧಾರವಾಡ ಜಿಲ್ಲೆಯದು. ದಂಡಿಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದಿದ್ದ ಮೈಲಾರ ಮಹದೇವಪ್ಪನವರ ತಂಡದ ಗುರಿ ಚಾವಡಿ, ಅಂಚೆ, ಕಂದಾಯದ ಹಣ. ಅಂದರೆ ಆಡಳಿತದ ಸೊತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಸತ್ತದ್ದು ಅವರೇ, ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಯೋಜನೆ ಇದ್ದಲ್ಲಿ ಮಿತಿ ಹಾಕಿಕೊಳ್ಳುವುದಕ್ಕೂ ಅವಕಾಶವಿರುತ್ತದೆ. ಈಸೂರಿನಲ್ಲಿ ಮಿತಿ ಹಾಕಬೇಕಾಗಿದ್ದವರು ಯಾರು? 1922ರಲ್ಲಿ ಚೌರಿಚೌರಾದಲ್ಲಿ ಗುಂಪಿನ ಕೈಯಲ್ಲಿ 22 ಪೊಲೀಸರು ಸತ್ತಾಗ ಅಸಹಕಾರ ಚಳವಳಿಯನ್ನೇ ನಿಲ್ಲಿಸಲು ಗಾಂಧೀಜಿ ಜೈಲಿನ ಹೊರಗಿದ್ದರು. 1942ರಲ್ಲಿ ಆಗಸ್ಟ್ 9ರ ಬೆಳಗಾಗುವುದರೊಳಗೆ ಗಾಂಧೀಜಿ ಸೇರಿ ಪ್ರಮುಖ ನಾಯಕರು ಸೆರೆಯಲ್ಲಿದ್ದರು. ತಡೆಯುವ ದನಿಯನ್ನು ಮೊದಲು ಜೈಲಿಗೆ ಹಾಕಿ, ಆಮೇಲೆ ನಡೆದ ಹಿಂಸೆಗೆ ಆ ದನಿಯನ್ನೇ ಹೊಣೆ ಮಾಡಿತು ಬ್ರಿಟಿಷ್ ಸರ್ಕಾರ. ವೈಸ್‌ರಾಯ್ ಲಿನ್‌ಲಿತ್‌ಗೋ ಅವರೊಂದಿಗೆ ಗಾಂಧೀಜಿ ಪತ್ರದಲ್ಲಿ ನಡೆಸಿದ ಜಗಳದ ತಿರುಳೂ ಇದೇ. ಆ ಜಗಳದ ಬೆನ್ನಿಗೇ ಹಿಡಿದ 21 ದಿನದ ಉಪವಾಸ 1943ರ ಮಾರ್ಚ್ 3ಕ್ಕೆ ಮುಗಿಯಿತು. ಅದೇ ತಿಂಗಳು ಈಸೂರಿನ ಐವರಿಗೆ ಗಲ್ಲು.

ಆ ಗಲ್ಲನ್ನೂ ಇದೇ ಅಳತೆಗೆ ಹಿಡಿಯಬೇಕು. ಊರು ಒಟ್ಟಾಗಿ ಮಾಡಿದ ಕೃತ್ಯಕ್ಕೆ ಐದು ಕೊರಳು ಆರಿಸಿಕೊಂಡ ಸಂಸ್ಥಾನದ ಮುಂದೆ ಲಾಠಿಯೂ ಇರಲಿಲ್ಲ, ಗುಂಪೂ ಇರಲಿಲ್ಲ. ಐದು ತಿಂಗಳಿಗೂ ಮೀರಿ ಯೋಚಿಸಲು ಸಮಯವಿತ್ತು. ಉದ್ರೇಕವೆಂಬ ರಿಯಾಯಿತಿ ಹಳ್ಳಿಗರಿಗೆ ಅಷ್ಟಿಷ್ಟು ಸಿಗಬಹುದು, ಸಂಸ್ಥಾನಕ್ಕೆ ಸಿಗದು.

ಬೇರೆ ದಾರಿ ಇತ್ತೇ ಎಂಬ ಪ್ರಶ್ನೆಗೆ 1947 ಒಂದು ಸಾಕ್ಷ್ಯ. ಆ ವರ್ಷ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿಯ ಒತ್ತಡಕ್ಕೆ ಸಂಸ್ಥಾನ ಮಣಿಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಆದರೆ ಈ ಸಾಕ್ಷ್ಯವನ್ನು ಈಸೂರಿನವರ ವಿರುದ್ಧ ಪೂರ್ತಿಯಾಗಿ ಬಳಸುವಂತಿಲ್ಲ. ಅಷ್ಟರಲ್ಲಿ ಸಂಸ್ಥಾನದ ಬೆನ್ನಿಗಿದ್ದ ಬ್ರಿಟಿಷ್ ಸಾರ್ವಭೌಮತ್ವ ಹೊರಟುಹೋಗಿತ್ತು. 1942ರಲ್ಲಿ ಕಾದಿದ್ದರೆ ಸಿಗುತ್ತಿತ್ತು ಎಂದು ಐದು ವರ್ಷದ ಬಳಿಕದ ಘಟನೆ ತೋರಿಸಿ ವಾದಿಸುವುದು ನ್ಯಾಯವಲ್ಲ. ಅದರಿಂದ ಸಾಬೀತಾಗುವುದು ಇಷ್ಟು: ಜವಾಬ್ದಾರಿ ಸರ್ಕಾರವನ್ನು ತಂದದ್ದು ಸೆಪ್ಟೆಂಬರ್ 28ರ ಎರಡು ಸಾವುಗಳಲ್ಲ.